ಸಹಿ ಯಾರದ್ದು ಬೇಕು, ಯಾರದ್ದು ಬೇಡ? ಜಮೀನು-ಸೈಟು ವ್ಯವಹಾರದಲ್ಲಿ ಒಪ್ಪಿಗೆಯ ಲೆಕ್ಕ

ಯಾವುದೇ ತಾಲ್ಲೂಕಿನ ಉಪನೋಂದಣಾಧಿಕಾರಿ ಕಚೇರಿ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಒಂದೇ ಮಾತು ನಾಲ್ಕೈದು ಸಲ ಕಿವಿಗೆ ಬೀಳುತ್ತೆ: "ಅಕ್ಕಂದು ಸಹಿ ಆಯ್ತಾ?" ಅದಕ್ಕೆ ಬರೋ ಉತ್ತರವೂ ಹೆಚ್ಚುಕಮ್ಮಿ ಒಂದೇ: "ಅವರು ಮದುವೆ ಆಗಿ ಹೋದೋರು, ಅವರ ಸಹಿ ಯಾಕೆ?" ಇನ್ನೊಂದು ಕಡೆ, ಅಪ್ಪ ತಾನೇ ದುಡಿದು ಕೊಂಡ ಸೈಟನ್ನು ಮಾರೋಕೆ ಬಂದಿದ್ರೂ ಬೆಂಗಳೂರಿನಲ್ಲಿರೋ ಮಗನ ಸಹಿ ಇಲ್ಲ ಅಂತ ವ್ಯವಹಾರ ನಿಂತಿರುತ್ತೆ. ಕಾನೂನಿನ ಪ್ರಕಾರ ಮೊದಲನೇ ಪ್ರಕರಣದಲ್ಲಿ ಸಹಿ ಬೇಕೇಬೇಕು. ಎರಡನೇದರಲ್ಲಿ ಬೇಕಾಗಿಯೇ ಇಲ್ಲ. ಊರಲ್ಲಿ ನಡೀತಿರೋದು ಮಾತ್ರ ತಿರುಗಾಮುರುಗಾ.

ಈ ವಿಷಯ ಈಗ ಮತ್ತೆ ಚರ್ಚೆಗೆ ಬಂದಿರೋದಕ್ಕೆ ಕಾರಣ ಇದೆ. ತೀರಿಕೊಂಡವರ ಹೆಸರಲ್ಲೇ ಉಳಿದಿರೋ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡೋಕೆ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಶುರು ಮಾಡಿದೆ. ಅಜ್ಜನ ಹೆಸರಲ್ಲಿ ಮಲಗಿದ್ದ ಜಮೀನಿಗೆ ವಂಶವೃಕ್ಷ ಬರೆಸಬೇಕಾಗಿದೆ. ವಂಶವೃಕ್ಷ ಬರೆಸಿದ ಕೂಡಲೇ ಇಷ್ಟು ವರ್ಷ ಲೆಕ್ಕಕ್ಕೇ ಬಾರದ ಅಕ್ಕ-ತಂಗಿಯರು, ತೀರಿಹೋದ ಅಣ್ಣನ ಹೆಂಡತಿ, ಮಕ್ಕಳು ಎಲ್ಲರೂ ಕಾಗದದ ಮೇಲೆ ಎದ್ದು ಬರ್ತಾರೆ. ಅದರ ಜೊತೆಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಎರಡು ವ್ಯಾಜ್ಯಗಳಲ್ಲಿ ಸುಪ್ರೀಂ ಕೋರ್ಟ್ 2025ರಲ್ಲೇ ತೀರ್ಪು ಕೊಟ್ಟಿದೆ. ಎರಡರಲ್ಲೂ ಪ್ರಶ್ನೆ ಇದ್ದದ್ದು ಮಾರಾಟಕ್ಕೆ ಯಾರ ಒಪ್ಪಿಗೆ ಬೇಕಿತ್ತು ಅನ್ನೋದೇ.

ಮೊದಲು ಕೇಳಬೇಕಾದ ಪ್ರಶ್ನೆ

ಆಸ್ತಿ ಮಾರುವವರ ಕೈಗೆ ಹೇಗೆ ಬಂತು? ಇಡೀ ಕಾನೂನು ನಿಂತಿರೋದು ಈ ಒಂದು ಪ್ರಶ್ನೆ ಮೇಲೆ. ಪಹಣಿಯಲ್ಲಿ ಯಾರ ಹೆಸರಿದೆ ಅನ್ನೋದು ಎರಡನೇ ಮಾತು. ಪಹಣಿ, ಖಾತೆ ಇವೆಲ್ಲ ಕಂದಾಯ ಕಟ್ಟೋಕೆ ಇರೋ ದಾಖಲೆಗಳು. ಅವೇ ಮಾಲೀಕತ್ವ ಕೊಡೋದಿಲ್ಲ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ದೊಡ್ಡ ಮಗನ ಹೆಸರಿಗೆ ಖಾತೆ ಕೂತಿದೆ ಅಂದಮಾತ್ರಕ್ಕೆ ಉಳಿದವರ ಹಕ್ಕು ಹೋಗೋದಿಲ್ಲ.

ಹಿಂದೂ ಕುಟುಂಬದಲ್ಲಿ ಆಸ್ತಿ ಬರೋ ದಾರಿ ಮುಖ್ಯವಾಗಿ ಮೂರು. ಸ್ವಂತ ದುಡಿಮೆಯಿಂದ ಕೊಂಡದ್ದು, ಉಯಿಲಿನಿಂದಲೋ ದಾನದಿಂದಲೋ ಬಂದದ್ದು ಸ್ವಯಾರ್ಜಿತ. ಉಯಿಲು ಬರೆಯದೆ ತೀರಿಕೊಂಡವರಿಂದ ವಾರಸುದಾರರಿಗೆ ಬಂದದ್ದು ಇನ್ನೊಂದು. ಹುಟ್ಟಿನಿಂದಲೇ ಮಕ್ಕಳಿಗೆ ಪಾಲಿರುವ ಪಿತ್ರಾರ್ಜಿತ ಅವಿಭಕ್ತ ಆಸ್ತಿ ಮೂರನೇದು. ಮೂರಕ್ಕೂ ಒಪ್ಪಿಗೆಯ ನಿಯಮ ಬೇರೆಬೇರೆ.

ಸ್ವಂತ ದುಡಿಮೆಯ ಆಸ್ತಿ: ಯಾರನ್ನೂ ಕೇಳಬೇಕಿಲ್ಲ

ಕಿರಾಣಿ ಅಂಗಡಿ ನಡೆಸಿ ಗಳಿಸಿದ ದುಡ್ಡಲ್ಲಿ ಒಬ್ಬರು ಸೈಟು ಕೊಂಡಿದ್ದಾರೆ ಅನ್ನಿ. ಅದನ್ನು ಅವರು ಯಾರಿಗೆ ಬೇಕಾದರೂ ಮಾರಬಹುದು, ದಾನ ಕೊಡಬಹುದು, ಉಯಿಲು ಬರೆಯಬಹುದು. ಮಕ್ಕಳ ಸಹಿ ಕಾನೂನಿಗೆ ಬೇಕಿಲ್ಲ. ಹೆಂಡತಿಯ ಸಹಿಯೂ ಬೇಕಿಲ್ಲ. ಆದರೆ ಹೆಂಡತಿ ವಾಸವಿರೋ ಮನೆ ಆಗಿದ್ದರೆ ಒಂದು ಎಚ್ಚರಿಕೆ ಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆಕೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. ಆ ಕಾಯ್ದೆ ಪ್ರಕಾರ ದೂರು ದಾಖಲಾಗಿದ್ದರೆ ಮನೆ ಮಾರದಂತೆ ಮ್ಯಾಜಿಸ್ಟ್ರೇಟರು ತಡೆ ಹಾಕಬಹುದು.

ಹೆಂಗಸರ ಹೆಸರಿನ ಆಸ್ತಿಗೂ ಇದೇ ನಿಯಮ. ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಆಕೆಯದ್ದಾದ ಆಸ್ತಿಗೆ ಆಕೆಯೇ ಪೂರ್ಣ ಮಾಲೀಕಳು. ತವರಿಂದ ಬಂದ ಸೈಟನ್ನು ಮಾರೋಕೆ ಗಂಡನ ಸಹಿ, ಮಗನ ಸಹಿ ಅಂತ ಕೇಳೋದು ಬರೀ ರೂಢಿ. "ಯಜಮಾನರನ್ನ ಕರ್ಕೊಂಡು ಬನ್ನಿ" ಅಂತ ಹೇಳಿ ಕಳಿಸೋರಿಗೆ ಇದು ಗೊತ್ತಿರಬೇಕು.

ಅಪ್ಪ ತೀರಿಕೊಂಡ ಮೇಲೆ ಲೆಕ್ಕವೇ ಬೇರೆ

ಅದೇ ಅಂಗಡಿಯವರು ಉಯಿಲು ಬರೆಯದೆ ತೀರಿಕೊಂಡರು ಅನ್ನಿ. ಮನೆಯಲ್ಲಿ ಅವರ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾದ ಒಬ್ಬ ಮಗಳು ಇದ್ದಾರೆ. ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಐದು ಜನಕ್ಕೂ ಸಮಪಾಲು. ಗಂಡುಮಕ್ಕಳು ಇಬ್ಬರೇ ಸಹಿ ಹಾಕಿ ಪೂರ್ತಿ ಸೈಟನ್ನು 20 ಲಕ್ಷಕ್ಕೆ ಮಾರಿದರೆ, ಕೊಂಡವರಿಗೆ ಕಾನೂನಿನಲ್ಲಿ ಸಿಗೋದು ಐದರಲ್ಲಿ ಎರಡು ಪಾಲು. ಅಂದ್ರೆ 8 ಲಕ್ಷದ ಮಾಲಿಗೆ 20 ಲಕ್ಷ ಕೊಟ್ಟ ಹಾಗೆ. ಉಳಿದ ಮೂವರು ಯಾವಾಗ ಬೇಕಾದರೂ ವಿಭಾಗ ದಾವೆ ಹೂಡಬಹುದು.

ಊರಲ್ಲಿ ಹೆಚ್ಚು ಮರೆತುಹೋಗೋದು ತೀರಿಕೊಂಡವರ ತಾಯಿಯನ್ನ. ಅಜ್ಜಿಗೆ ಪಾಲಿದೆ ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ತಂದೆಗಿಂತ ಮೊದಲೇ ತೀರಿಕೊಂಡ ಮಗನ ಹೆಂಡತಿ ಮತ್ತು ಮಕ್ಕಳನ್ನೂ ಹೀಗೇ ಮರೀತಾರೆ. ಆ ಮಗನ ಪಾಲು ಅವರಿಗೆ ಬರುತ್ತೆ, ಮಾರಾಟಕ್ಕೆ ಅವರೂ ಸಹಿ ಹಾಕಬೇಕು.

ಒಬ್ಬ ವಾರಸುದಾರ ತನ್ನ ಪಾಲನ್ನು ಮಾತ್ರ ಹೊರಗಿನವರಿಗೆ ಮಾರಬಹುದಾ? ಮಾರಬಹುದು, ಆದರೆ ಎರಡು ತೊಡಕು ಇವೆ. 22ನೇ ಸೆಕ್ಷನ್ ಪ್ರಕಾರ ಉಳಿದ ವಾರಸುದಾರರಿಗೆ ಆ ಪಾಲನ್ನು ತಾವೇ ಮೊದಲು ಕೊಳ್ಳುವ ಹಕ್ಕಿದೆ. ಇದು ಕೃಷಿ ಜಮೀನಿಗೂ ಅನ್ವಯ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಎರಡನೇದು, ಕುಟುಂಬ ವಾಸವಿರೋ ಮನೆಯಲ್ಲಿ ಒಂದು ಪಾಲು ಕೊಂಡ ಹೊರಗಿನವರು ನೇರವಾಗಿ ಒಳಗೆ ಹೋಗಿ ಕೂರೋ ಹಾಗಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಸೆಕ್ಷನ್ ಅದಕ್ಕೆ ಅಡ್ಡ ಬರುತ್ತೆ. ಮೊದಲು ವಿಭಾಗ ಆಗಬೇಕು.

ಪಿತ್ರಾರ್ಜಿತ: ಹೆಣ್ಣುಮಕ್ಕಳು "ಹೋದೋರು" ಅಲ್ಲ

ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟು ಹಕ್ಕು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಇದು ಕಾನೂನು. ಕರ್ನಾಟಕ ಇದಕ್ಕೂ ಮೊದಲೇ, 1994ರ ಜುಲೈ 30ರಿಂದ, ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಿತ್ತಾ ಅನ್ನೋ ಗೊಂದಲ ಬಹಳ ವರ್ಷ ಇತ್ತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬಗೆಹರಿಸಿತು. ತಂದೆ ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಅಂತ ಹೇಳಿತು.

ಹಾಗಂತ ಹಳೇದೆಲ್ಲ ತೆಗೆಯೋಕೆ ಆಗಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಆದ ಮಾರಾಟ, ನೋಂದಾಯಿತ ವಿಭಾಗ ಪತ್ರ, ಕೋರ್ಟ್ ಡಿಕ್ರಿ ಇವಕ್ಕೆ ಈ ತಿದ್ದುಪಡಿ ಮುಟ್ಟೋದಿಲ್ಲ. 1990ರಲ್ಲಿ ಅಪ್ಪ ಕ್ರಮವಾಗಿ ಮಾರಿದ ಜಮೀನಿಗೆ ಈಗ ಬಂದು 2005ರ ಕಾನೂನು ಹೇಳಿದರೆ ನಿಲ್ಲೋದು ಕಷ್ಟ. ಬರೀ ಬಿಳಿ ಹಾಳೆ ಮೇಲೆ ಬರೆದ ಪಾಲುಪಾರಿಖತ್ತು ತೋರಿಸಿ "ಆಗಲೇ ಭಾಗ ಆಗಿತ್ತು" ಅನ್ನೋರ ಮಾತನ್ನೂ ಕೋರ್ಟ್ ಸುಲಭಕ್ಕೆ ನಂಬೋದಿಲ್ಲ. ಗಟ್ಟಿ ಸಾರ್ವಜನಿಕ ದಾಖಲೆ ಕೇಳುತ್ತೆ.

ಯಜಮಾನ, ಅಂದ್ರೆ ಕರ್ತ, ಒಬ್ಬನೇ ಮಾರಬಹುದಾ ಅನ್ನೋದು ಮುಂದಿನ ಪ್ರಶ್ನೆ. ಮಾರಬಹುದು, ಕುಟುಂಬದ ಅಗತ್ಯಕ್ಕೆ ಮಾತ್ರ. ಮಗಳ ಮದುವೆ, ಆಸ್ಪತ್ರೆ ಖರ್ಚು, ಕುಟುಂಬದ ಸಾಲ, ಜಮೀನು ಉಳಿಸಿಕೊಳ್ಳೋ ಖರ್ಚು ಇಂಥವು ಅದರಲ್ಲಿ ಬರುತ್ತವೆ. ಅಂಥ ಮಾರಾಟಕ್ಕೆ ಉಳಿದವರ ಸಹಿ ಬೇಕಾಗಿಲ್ಲ ಅಂತ ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಹೇಳಿದೆ. ಆದರೆ ಅಗತ್ಯ ಇತ್ತು ಅಂತ ತೋರಿಸೋ ಹೊಣೆ ಕೊನೆಗೆ ಬೀಳೋದು ಕೊಂಡವರ ತಲೆ ಮೇಲೆ. ಕ್ರಯಪತ್ರದಲ್ಲಿ "ಸಂಸಾರದ ಅಡಚಣೆ ನಿಮಿತ್ತ" ಅಂತ ಒಂದು ಸಾಲು ಬರೆಸಿದರೆ ಸಾಲದು. ಸಾಲದ ಕಾಗದ, ಆಸ್ಪತ್ರೆ ಬಿಲ್ಲು ಏನಾದರೂ ಕೈಯಲ್ಲಿರಬೇಕು.

ದಾನದ ವಿಷಯದಲ್ಲಿ ಕೋರ್ಟ್ ಇನ್ನೂ ಬಿಗಿ. ಪ್ರೀತಿಗೋ ವಿಶ್ವಾಸಕ್ಕೋ ಅವಿಭಕ್ತ ಆಸ್ತಿಯನ್ನು ಯಜಮಾನ ಬೇರೆಯವರಿಗೆ ದಾನ ಬರೆದುಕೊಟ್ಟರೆ ನಿಲ್ಲೋದಿಲ್ಲ, ಧಾರ್ಮಿಕ ಅಥವಾ ಪುಣ್ಯಕಾರ್ಯಕ್ಕೆ ಮಾತ್ರ ಸೀಮಿತವಾಗಿ ಕೊಡಬಹುದು ಅಂತ 2022ರ ಏಪ್ರಿಲ್ 19ರ ತೀರ್ಪು ಹೇಳುತ್ತೆ. ಅದೂ ಕರ್ನಾಟಕದ್ದೇ ಪ್ರಕರಣ.

ಚಳ್ಳಕೆರೆಯ ಪಾಠ: "ತಾತನ ಆಸ್ತಿ" ಅಂದಕೂಡಲೇ ಪಿತ್ರಾರ್ಜಿತ ಅಲ್ಲ

ಚಳ್ಳಕೆರೆ ತಾಲ್ಲೂಕು ಪರಶುರಾಂಪುರ ಹೋಬಳಿಯ ಮಹದೇವಪುರದ ಜಮೀನಿನ ವ್ಯಾಜ್ಯ ಇದು. ಅಣ್ಣತಮ್ಮಂದಿರ ಭಾಗ ಆದಮೇಲೆ ಒಬ್ಬರು ತಮ್ಮ ಸೋದರನಿಂದ ಜಮೀನು ಕೊಂಡರು. ಆಮೇಲೆ ಅದನ್ನು ಹೊರಗಿನವರಿಗೆ ಮಾರಿದರು. ಮಾರಿದವರ ಮಕ್ಕಳು "ಇದು ಕುಟುಂಬದ ಆಸ್ತಿ, ನಮ್ಮ ಪಾಲು ಕೊಡಿ" ಅಂತ ಕೋರ್ಟಿಗೆ ಹೋದರು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು ಕೊಂಡವರ ಪರ. ಕುಟುಂಬ ಒಟ್ಟಾಗಿದೆ ಅನ್ನೋ ಒಂದೇ ಕಾರಣಕ್ಕೆ ಆಸ್ತಿಯೂ ಒಟ್ಟಿನದ್ದು ಅಂತ ಊಹಿಸೋ ಹಾಗಿಲ್ಲ, ಕುಟುಂಬದ ದುಡ್ಡಲ್ಲಿ ಕೊಂಡದ್ದು ಅಂತ ಹೇಳೋರೇ ಅದನ್ನು ಸಾಬೀತು ಮಾಡಬೇಕು ಅಂತ ಹೇಳಿತು.

1956ರ ನಂತರ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿ ಮಗನಿಗೆ ಬಂದರೆ ಅದು ಆ ಮಗನ ಸ್ವಂತದ್ದೇ ಅಂತ ಸುಪ್ರೀಂ ಕೋರ್ಟ್ 1986ರಷ್ಟು ಹಿಂದೆಯೇ ಹೇಳಿದೆ. ಮೊಮ್ಮಗನಿಗೆ ಅದರಲ್ಲಿ ಹುಟ್ಟು ಹಕ್ಕಿಲ್ಲ. "ತಾತನ ಆಸ್ತಿ, ಮೊಮ್ಮಗನ ಸಹಿ ಇಲ್ದೆ ಮಾರಂಗಿಲ್ಲ" ಅನ್ನೋ ಅರಳಿಕಟ್ಟೆ ಮಾತು ಎಲ್ಲ ಕಡೆ ನಿಜ ಅಲ್ಲ. ತಾತನಿಗೆ ಆ ಆಸ್ತಿ ಹೇಗೆ ಬಂತು, ಯಾವಾಗ ಬಂತು ಅನ್ನೋದನ್ನ ನೋಡಬೇಕು.

ಶಾಮನೂರಿನ ಪಾಠ: ಸಣ್ಣ ಮಕ್ಕಳ ಪಾಲು

ಎರಡನೇ ತೀರ್ಪು ದಾವಣಗೆರೆಯ ಶಾಮನೂರಿನ ಎರಡು ನಿವೇಶನಗಳದ್ದು. 1971ರಲ್ಲಿ ತಂದೆ ತಮ್ಮ ಮೂವರು ಅಪ್ರಾಪ್ತ ಗಂಡುಮಕ್ಕಳ ಹೆಸರಲ್ಲಿ ಅವನ್ನು ಕೊಂಡಿದ್ದರು. ಆಮೇಲೆ ಕೋರ್ಟ್ ಅನುಮತಿ ಇಲ್ಲದೆ ಅವರೇ ಮಾರಿದರು. ಮಕ್ಕಳು ದೊಡ್ಡವರಾದ ಮೇಲೆ ಅವೇ ನಿವೇಶನಗಳನ್ನು ಇನ್ನೊಬ್ಬರಿಗೆ ಮಾರಿದರು. ಮೊದಲು ತಂದೆಯಿಂದ ಕೊಂಡವರ ಕಡೆಯವರು ಒಂದು ಕಡೆ, ಮಕ್ಕಳಿಂದ ಕೊಂಡವರು ಇನ್ನೊಂದು ಕಡೆ. ಕೇಸು ದಶಕಗಳ ಕಾಲ ನಡೆಯಿತು.

2025ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ಮಕ್ಕಳಿಂದ ಕೊಂಡವರ ಪರ ನಿಂತಿತು. ಅಪ್ರಾಪ್ತರ ಆಸ್ತಿಯನ್ನು ತಂದೆ-ತಾಯಿ ಮಾರಬೇಕಾದರೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಮೊದಲೇ ಕೋರ್ಟ್ ಅನುಮತಿ ಬೇಕು. ಅದಿಲ್ಲದೆ ಮಾರಿದ್ದರೆ ಮಗು ದೊಡ್ಡದಾದ ಮೇಲೆ ಅದನ್ನು ತಿರಸ್ಕರಿಸಬಹುದು. ತಿರಸ್ಕರಿಸೋಕೆ ದಾವೆಯನ್ನೇ ಹಾಕಬೇಕು ಅಂತಿಲ್ಲ, ಕಾಲಮಿತಿಯೊಳಗೆ ತಾವೇ ಬೇರೆಯವರಿಗೆ ಮಾರೋದು ಕೂಡ ತಿರಸ್ಕಾರವೇ ಅಂತ ಕೋರ್ಟ್ ಹೇಳಿತು. ಆ ಕಾಲಮಿತಿ ಹದಿನೆಂಟು ತುಂಬಿದ ಮೇಲೆ ಮೂರು ವರ್ಷ.

ಇದರ ಬಿಸಿ ಈಗಿನ ಖರೀದಿದಾರರಿಗೂ ತಟ್ಟುತ್ತೆ. ಗಂಡ ತೀರಿಕೊಂಡ ಹೆಣ್ಣುಮಗಳು ಸಣ್ಣ ಮಕ್ಕಳ ಪರವಾಗಿ "ಪಾಲಕಿ" ಅಂತ ಸಹಿ ಹಾಕಿ ಸೈಟು ಮಾರೋದು ಸಾಮಾನ್ಯ. ಕೋರ್ಟ್ ಅನುಮತಿ ಪತ್ರ ಇಲ್ಲದಿದ್ದರೆ ಆ ಮಗುವಿಗೆ ಇಪ್ಪತ್ತೊಂದು ತುಂಬೋವರೆಗೆ ಕೊಂಡವರ ತಲೆ ಮೇಲೆ ಕತ್ತಿ ತೂಗ್ತಾನೇ ಇರುತ್ತೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗುವಿನ ವಿಭಾಗವಾಗದ ಪಾಲಿಗೆ ಮಾತ್ರ ಈ ನಿಯಮ ಬೇರೆ. ಅಲ್ಲಿ ಕರ್ತನ ಅಧಿಕಾರ, ಕುಟುಂಬದ ಅಗತ್ಯ ಅನ್ನೋ ಪ್ರಶ್ನೆಗಳು ಬರುತ್ತವೆ.

ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ

ಇಲ್ಲಿ ಹುಟ್ಟಿನಿಂದ ಬರೋ ಪಾಲು ಅನ್ನೋದೇ ಇಲ್ಲ. ತಂದೆ ಬದುಕಿರುವವರೆಗೆ ಆಸ್ತಿ ತಂದೆಯದ್ದು, ಮಾರೋಕೆ ಮಕ್ಕಳ ಒಪ್ಪಿಗೆ ಬೇಡ. ತೀರಿಕೊಂಡ ಮೇಲೆ ಮಾತ್ರ ವಾರಸುದಾರರೆಲ್ಲರ ಸಹಿ ಬೇಕು. ಮುಸ್ಲಿಂ ಕಾನೂನಿನಲ್ಲಿ ಒಂದು ವಿಶೇಷ ಇದೆ: ಉಯಿಲಿನ ಮೂಲಕ ಕೊಡಬಹುದಾದ್ದು ಮೂರನೇ ಒಂದು ಭಾಗ. ಅದಕ್ಕಿಂತ ಹೆಚ್ಚು ಬರೆದಿದ್ದರೆ ಉಳಿದ ವಾರಸುದಾರರ ಒಪ್ಪಿಗೆ ಇದ್ದರೆ ಮಾತ್ರ ಊರ್ಜಿತ. ಅಪ್ರಾಪ್ತ ಮಗುವಿನ ಪಾಲನ್ನು ತಾಯಿ ತಾನಾಗಿಯೇ ಮಾರುವ ಅಧಿಕಾರವೂ ಇಲ್ಲ, ಕೋರ್ಟಿನಿಂದ ಪೋಷಕಿಯಾಗಿ ನೇಮಕ ಆಗಿ ಅನುಮತಿ ಪಡೆಯಬೇಕು.

ಮನೆಯವರೆಲ್ಲ ಒಪ್ಪಿದರೂ ಸಾಲದ ಜಮೀನು

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಇದೆ. 1979ರ ಜನವರಿ 1ರಿಂದ ಈಚೆಗೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನು ಮಾರಿದರೆ ಮಾರಾಟವೇ ಶೂನ್ಯ. ಇಡೀ ಕುಟುಂಬ ಸಾಲಾಗಿ ನಿಂತು ಸಹಿ ಹಾಕಿದರೂ ಅಷ್ಟೇ. ಉಪವಿಭಾಗಾಧಿಕಾರಿ ಆ ಜಮೀನನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸ್ ಕೊಡಿಸಬಹುದು. ಬಹಳ ತಡವಾಗಿ ಅರ್ಜಿ ಹಾಕಿದ್ದಾರೆ ಅಂತ ಪ್ರಕರಣಗಳು ಬಿದ್ದುಹೋಗ್ತಿದ್ದವು. ಅದಕ್ಕೇ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಕಾಲಮಿತಿ ಅನ್ವಯಿಸೋದಿಲ್ಲ ಅಂತ ಸೇರಿಸಲಾಯಿತು. ಹಳೇ ದರಖಾಸ್ತು ಜಮೀನು ಕೊಳ್ಳೋರು ಸಾಗುವಳಿ ಚೀಟಿ, ಮಂಜೂರಾತಿ ಆದೇಶ, ಅದರ ಷರತ್ತು ನೋಡದೆ ಮುಂಗಡ ಕೊಡಲೇಬಾರದು.

ಬಾಡಿಗೆ ಅಂಗಡಿಯವರು ತಿಳಿಯಬೇಕಾದ್ದು

ಬಜಾರಿನಲ್ಲಿ ಹೆಚ್ಚು ಕೇಳೋ ಪ್ರಶ್ನೆ: "ಇಪ್ಪತ್ತು ವರ್ಷದಿಂದ ಇದೇ ಮಳಿಗೆಯಲ್ಲಿದ್ದೀವಿ, ನಮ್ಮನ್ನ ಕೇಳದೆ ಮಾಲೀಕರು ಮಾರಬಹುದಾ?" ಮಾರಬಹುದು. ಬಾಡಿಗೆದಾರರ ಒಪ್ಪಿಗೆ ಬೇಕಿಲ್ಲ. ಆದರೆ ಕಟ್ಟಡ ಮಾರಿದ ಕೂಡಲೇ ಬಾಡಿಗೆ ಕರಾರು ಸಾಯೋದಿಲ್ಲ. ಕೊಂಡವರು ಹಳೇ ಮಾಲೀಕರ ಜಾಗದಲ್ಲಿ ಬಂದು ನಿಲ್ತಾರೆ, ಕರಾರಿಗೆ ಅವರೂ ಬದ್ಧರು. ಹನ್ನೊಂದು ತಿಂಗಳ ಕರಾರು ಮುಗಿದು ತಿಂಗಳು ತಿಂಗಳು ಬಾಡಿಗೆ ಕಟ್ಟಿಕೊಂಡು ಹೋಗ್ತಿರೋರಿಗೆ ರಕ್ಷಣೆ ಕಡಿಮೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆ ನೋಂದಣಿ ಆಗಿರಲೇಬೇಕು. ದೊಡ್ಡ ಮುಂಗಡ ಕೊಟ್ಟು ಒಳಗೆ ಲಕ್ಷಾಂತರ ಖರ್ಚು ಮಾಡಿ ಅಂಗಡಿ ಕಟ್ಟೋರು ನೋಂದಣಿ ಖರ್ಚು ಉಳಿಸೋಕೆ ಹೋಗಿ ಕೈ ಸುಟ್ಟುಕೊಳ್ತಾರೆ.

ಹೊಸ ಬಡಾವಣೆಯಲ್ಲಿ ಸೈಟು, ಫ್ಲಾಟು ಕೊಂಡವರಿಗೆ ರೇರಾ ಕಾಯ್ದೆ ಒಂದು ಅಸ್ತ್ರ ಕೊಟ್ಟಿದೆ. ಮಂಜೂರಾದ ನಕ್ಷೆ ಬದಲಾಯಿಸೋಕೆ, ಯೋಜನೆಯನ್ನೇ ಬೇರೆಯವರಿಗೆ ವಹಿಸೋಕೆ ಖರೀದಿದಾರರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು. ಉದ್ಯಾನಕ್ಕೆ ತೋರಿಸಿದ ಜಾಗ ನಾಳೆ ಸೈಟಾಗಿ ಬದಲಾದರೆ "ನಮ್ಮ ಒಪ್ಪಿಗೆ ಎಲ್ಲಿ?" ಅಂತ ಕೇಳೋ ಹಕ್ಕು ನಿಮ್ಮದು.

ಸಹಿಯಲ್ಲೂ ತರಾವರಿ

ಒಪ್ಪಿಗೆ ಬೇಕು ಅಂತ ಗೊತ್ತಿದ್ರೂ ಅದನ್ನು ಪಡೆಯೋ ರೀತಿಯಲ್ಲಿ ತಪ್ಪಾಗುತ್ತೆ. ಕ್ರಯಪತ್ರಕ್ಕೆ ಅಕ್ಕನಿಂದ ಬರೀ "ಸಾಕ್ಷಿ" ಅಂತ ಸಹಿ ಹಾಕಿಸಿಕೊಂಡರೆ ಆಕೆ ಪಾಲು ಬಿಟ್ಟುಕೊಟ್ಟಂತಲ್ಲ. ಸಾಕ್ಷಿ ಸಹಿ ಅಂದ್ರೆ ಬರೆದುಕೊಟ್ಟವರು ಸಹಿ ಹಾಕಿದ್ದನ್ನು ನೋಡಿದೆ ಅಂತ ಮಾತ್ರ. ಪತ್ರದ ಒಳಗೇನಿದೆ ಅಂತ ಗೊತ್ತಿತ್ತು, ಒಪ್ಪಿದ್ದರು ಅಂತ ಅದರಿಂದ ಆಗೋದಿಲ್ಲ. ನೋಟರಿ ಮುಂದೆ ಛಾಪಾ ಕಾಗದದ ಮೇಲೆ "ನಮ್ಮದೇನೂ ತಕರಾರಿಲ್ಲ" ಅಂತ ಬರೆಸಿಕೊಂಡದ್ದೂ ಹಕ್ಕನ್ನು ವರ್ಗಾಯಿಸೋದಿಲ್ಲ. ಪಾಲು ಬಿಡೋದಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು, ಇಲ್ಲವೇ ಆಕೆಯೂ ಮಾರುವವರಲ್ಲಿ ಒಬ್ಬಳಾಗಿ ಕ್ರಯಪತ್ರದಲ್ಲಿ ಸೇರಬೇಕು.

ಜನರಲ್ ಪವರ್ ಆಫ್ ಅಟಾರ್ನಿ ಮೇಲೆ ಕೊಳ್ಳೋರಿಗೂ ಇದೇ ಮಾತು. ಬರೀ ಜಿಪಿಎ ಮತ್ತು ಕರಾರು ಪತ್ರದಿಂದ ಮಾಲೀಕತ್ವ ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲೇ ಹೇಳಿ ಆಗಿದೆ. ಜಿಪಿಎ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರವೂ ಅಲ್ಲಿಗೇ ಮುಗೀತು.

"ರಿಜಿಸ್ಟರ್ ಆಗಿದೆಯಲ್ಲ, ಇನ್ನೇನು ಭಯ?" ಅನ್ನೋರಿಗೂ ಒಂದು ಮಾತು. ಮಾರುವವರಿಗೆ ನಿಜವಾಗಿ ಮಾಲೀಕತ್ವ ಇದೆಯಾ ಅಂತ ತೀರ್ಮಾನಿಸೋದು ನೋಂದಣಿ ಅಧಿಕಾರಿಯ ಕೆಲಸ ಅಲ್ಲ. ತಮಿಳುನಾಡಿನ ನಿಯಮವೊಂದನ್ನು ರದ್ದು ಮಾಡುವಾಗ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿದೆ. ಇ-ಖಾತಾ ಬಂದಿದೆ, ಕಾವೇರಿ ತಂತ್ರಾಂಶ ಬಂದಿದೆ. ಆದರೂ ಮನೆಯಲ್ಲಿ ಎಷ್ಟು ಜನ ಅಕ್ಕ-ತಂಗಿಯರಿದ್ದಾರೆ ಅಂತ ಕಂಪ್ಯೂಟರಿಗೆ ಗೊತ್ತಾಗೋದಿಲ್ಲ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಇಷ್ಟೆಲ್ಲ ಕಟ್ಟಿದ ಮೇಲೂ ಹಕ್ಕು ಪರಿಶೀಲನೆ ಕೊಳ್ಳುವವರ ಪಾಲಿಗೇ ಉಳಿದಿದೆ.

ಮುಂಗಡ ಕೊಡೋ ಮುಂಚೆ

- ಮಾರುವವರಿಗೆ ಆಸ್ತಿ ಹೇಗೆ ಬಂತು ಅನ್ನೋ ಮೂಲ ಪತ್ರ ನೋಡಿ: ಕ್ರಯವೋ, ವಿಭಾಗವೋ, ದಾನವೋ, ಪೌತಿಯೋ, ಮಂಜೂರಾತಿಯೋ.
- ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ, ಅಜ್ಜಿಯ, ತೀರಿಕೊಂಡವರ ಹೆಂಡತಿ-ಮಕ್ಕಳ ಹೆಸರು ಬಿಟ್ಟುಹೋಗಿದೆಯಾ ಅಂತ ಊರಲ್ಲೇ ವಿಚಾರಿಸಿ.
- ಅಪ್ರಾಪ್ತರ ಪಾಲಿದ್ದರೆ ಕೋರ್ಟ್ ಅನುಮತಿ ಆದೇಶ ಕೇಳಿ.
- ಋಣಭಾರ ಪತ್ರ ತೆಗೆಸಿ, ವಿಭಾಗ ದಾವೆ ಇದೆಯಾ ಅಂತ ವಕೀಲರಿಂದ ನೋಡಿಸಿ. ದಾವೆ ನಡೀತಿರುವಾಗ ಕೊಂಡರೆ ಅದರ ತೀರ್ಪು ನಿಮಗೂ ಕಟ್ಟು.
- ಯಾರ ಪಾಲಿದೆಯೋ ಅವರಿಗೆ ದುಡ್ಡು ಅವರವರ ಖಾತೆಗೇ ಹೋಗಲಿ, ಕ್ರಯಪತ್ರದಲ್ಲಿ ಆ ವಿವರ ಬರಲಿ.

ಕೊನೆಯ ಅಂಶಕ್ಕೆ ಸ್ವಲ್ಪ ಹೆಚ್ಚು ತೂಕ ಇದೆ. ಅಣ್ಣನ ಮಾತಿಗೆ ಕಟ್ಟುಬಿದ್ದು, ತವರಿನ ಬಾಗಿಲು ಮುಚ್ಚಬಾರದು ಅಂತ, ಒಂದು ಸೀರೆಗೆ ಸಹಿ ಹಾಕಿ ಹೋದ ಹೆಣ್ಣುಮಕ್ಕಳು ಪ್ರತಿ ಊರಲ್ಲೂ ಇದ್ದಾರೆ. ಪತ್ರ ಓದಿ ಹೇಳಿಲ್ಲ, ಮೋಸದಿಂದ ಹಾಕಿಸಿಕೊಂಡರು ಅಂತ ಮುಂದೆ ಕೋರ್ಟಿಗೆ ಹೋದಾಗ ಅಣ್ಣನ ಜೊತೆ ಕೊಂಡವರೂ ಪ್ರತಿವಾದಿ. ಆಕೆಗೆ ನ್ಯಾಯವಾದ ಪಾಲು ಸಿಕ್ಕಿದ್ದರೆ ಆ ಕೇಸಿಗೆ ಕಾರಣವೇ ಇರ್ತಿರಲಿಲ್ಲ. ಇ-ಪೌತಿ ಅರ್ಜಿಗೆ ವಂಶವೃಕ್ಷ ಬರೆಸುವಾಗಲೇ ಎಲ್ಲರ ಹೆಸರು ಸೇರಿಸಿ, ಎಲ್ಲರನ್ನೂ ಕೂರಿಸಿ ಮಾತಾಡಿದರೆ ಒಂದು ದಿನದ ಜಗಳ ಆಗಬಹುದು. ಬಿಟ್ಟರೆ ಶಾಮನೂರಿನ ಎರಡು ಸೈಟುಗಳ ಹಾಗೆ ಅದು ಮುಂದಿನ ತಲೆಮಾರಿನವರೆಗೂ ಎಳೆಯುತ್ತೆ.